ನಮ್ಮತ್ತಿ ಸೊಂಟದ ಕೀಲಿಕೈ

ಎಣ್ಣಿ ಉಳಿಸಲಿಕ್ಕೆ ಹೋಗಿ, ಕಡ್ಡಿಪೆಟ್ಟಿಗಿ ಉಳಿಸಲಿಕ್ಕೆ ಹೋಗಿ, ಮಂದಿ ತಮ್ಮ ಮಾನ ತಾವೇ ಹರಾಜಿಗಿಟ್ಟುಕೊಳ್ಳುವುದು ನಮ್ಮ ಹಾನಗಲ್ಲಿನ ಓಣಿಯಲ್ಲಿ ಎಂದೂ ನಿಂತಿಲ್ಲ, ನಿಲ್ಲುವುದೂ ಇಲ್ಲ. ಮೊನ್ನೆ ಬಾಜೂ ಮನಿ ಸೊಸಿ ಸಕ್ರಿ ಕೇಳಲಿಕ್ಕೆ ಬಂದಳು. ಇಸಕೊಂಡು ಹೋಗಲಿಕ್ಕೆ ದೊಡ್ಡ ಬಟ್ಟಲು ತಂದಿದ್ದಳು. ನಿನ್ನೆ ತಿರುಗಿ ಕೊಡಲಿಕ್ಕೆ ಬಂದಾಗ ಸಣ್ಣ ಬಟ್ಟಲು. ನನಗೆ ಹಳೇದೆಲ್ಲ ನೆನಪಾಯಿತು, ಬರೆಯಲಿಕ್ಕೆ ಕೂತೆ.

ಮೊಮ್ಮಗ ಹೇಳುತ್ತಾನೆ, "ಯಮ್ಮಾ, ಸತ್ತವರ ಸುದ್ದಿ ಬರಿಬ್ಯಾಡ. ಅವರ ಮಕ್ಕಳು ಮರಿ ಇನ್ನೂ ಊರಾಗ ಅದಾರ" ಅಂತ. ಇರಲಿ. ಅವರಿಗೂ ಗೊತ್ತಾಗಲಿ. ನಾನು ಓದಿದ್ದು ಎರಡನೇ ಇಯತ್ತೆ. ಒತ್ತಕ್ಷರ ತಪ್ಪಿದರೆ ತಪ್ಪಲಿ, ಸುದ್ದಿ ತಪ್ಪುವುದಿಲ್ಲ. ಹೆಸರು ಮಾತ್ರ ಬರೆಯುವುದಿಲ್ಲ. ಬರೆಯುವ ಗರಜೂ ಇಲ್ಲ, ಓಣಿಯವರು ಮೊದಲನೇ ಸಾಲಿಗೇ ಗುರುತು ಹಿಡಿಯುತ್ತಾರೆ.

ಇಷ್ಟೆಲ್ಲ ರಾದ್ಧಾಂತ ಒಂದು ಕೀಲಿಕೈ ಸಲುವಾಗಿ. ನಾನು ತಿಳವಳ್ಳಿಯಿಂದ ಹಾನಗಲ್ಲಿಗೆ ಸೊಸಿಯಾಗಿ ಬಂದಾಗ ಉಪ್ಪಿನ ಗಲಾಟಿ ಮುಗಿದಿತ್ತು, ದೊಡ್ಡ ಯುದ್ಧ ಇನ್ನೂ ಸುರು ಆಗಿರಲಿಲ್ಲ. ಉಂಡುಟ್ಟು ಇರುವ ಮನಿ. ಜ್ವಾಳ, ಅಕ್ಕಿ, ಬ್ಯಾಳಿ, ಬೆಲ್ಲ, ಎಣ್ಣಿ, ತುಪ್ಪ, ಎಲ್ಲ ಒಂದೇ ಕೋಣಿಯಲ್ಲಿ. ಆ ಕೋಣಿಗೆ ಒಂದು ಕೀಲಿ. ಅದರ ಕೀಲಿಕೈ, ಬೆರಳುದ್ದದ ಕಬ್ಬಿಣದ್ದು, ನಮ್ಮತ್ತಿಯ ಸೊಂಟದಲ್ಲಿ. ಅಕಿ ನಡೆದಾಡಿದರೆ ಅದು ಡಾಬಿಗೆ ಬಡಿದು ಸಪ್ಪಳ ಮಾಡುತ್ತಿತ್ತು. ಕೀಲಿಕೈ ಇಲ್ಲದ ಸೊಸಿ ಅಂದರೆ ಮೂರು ಹೊತ್ತೂ ಕೈಯೊಡ್ಡಿ ಬೇಡಿಕೊಂಡು ಅಡಿಗಿ ಮಾಡುವ ಆಳು. ನನಗೆ ಆ ಕೀಲಿಕೈ ಬೇಕಿತ್ತು. ಬೇಕು ಅಂದರೆ ಬೇಕಿತ್ತು. ಇದರಲ್ಲಿ ನಾಚಿಕೊಳ್ಳುವುದು ಏನಿದೆ?

ನಮ್ಮತ್ತಿ ಒಂದೇ ಮಾತು ಹೇಳಿದಳು. "ಏ ತಿಳವಳ್ಳಿಯಾಕಿ, ನಿನ್ನ ಕೈ ಸಡ್ಲ ಐತಿ. ನಮ್ಮಕ್ಕನ್ನ ನೋಡು. ಮನಿ ಸಾಮಾನ ಹೆಂಗ ಉಳಸಬೇಕು ಅಕಿ ಕಡೆ ಕಲಿ. ಕಲ್ತ ದಿನಾ ಕೀಲಿಕೈ ನಿನ್ನ ಸೊಂಟಕ್ಕ."

ಅಕ್ಕ ಅಂದರೆ ನಮ್ಮ ಗ್ವಾಡಿಗೆ ಗ್ವಾಡಿ ಹತ್ತಿದ ಮೂಲಿಮನಿಯಾಕಿ. ನಾನು ದೊಡ್ಡತ್ತಿ ಅನ್ನುತ್ತಿದ್ದೆ. ಅಕ್ಕತಂಗಿ ಇಬ್ಬರನ್ನೂ ಆಜೂಬಾಜೂ ಮನಿಗೇ ಕೊಟ್ಟಿದ್ದರು. ಮದುವಿ ಒಂದೇ ಹಂದರದಲ್ಲಿ ಮುಗಿಸಿದ್ದರಂತೆ. ಉಳಿಸುವುದು ಆ ವಂಶದಲ್ಲೇ ಇತ್ತು.

೧. ತಲಿಗೂ ಆತು

ಬಂದ ಹೊಸದರಲ್ಲಿ ಬದನಿಕಾಯಿ ಎಣಗಾಯಿ ಮಾಡಿದೆ. ತಿಳವಳ್ಳಿಯಲ್ಲಿ ನಮ್ಮವ್ವ ಹೇಗೆ ಮಾಡುತ್ತಿದ್ದಳೋ ಹಾಗೆ. ನಮ್ಮತ್ತಿ ಬೋಗೋಣಿ ಬಗ್ಗಿ ನೋಡಿದಳು.

"ಇದು ಪಲ್ಯಾನೋ ಕೆರೀನೋ? ಬದನಿಕಾಯಿ ಎಣ್ಣ್ಯಾಗ ಈಸಾಕತ್ತಾವಲ್ಲ" ಅಂದಳು.

ಮರುದಿನದಿಂದ ಒಗ್ಗರಣಿ ಅಕಿ ಕೈಗೆ ಹೋಯಿತು. ಅದೂ ಹೋಗಲಿ. ಒಗ್ಗರಣಿ ಹಾಕಿದ ಮ್ಯಾಲೆ ಸೌಟಿಗೆ ಒಂದಿಷ್ಟು ಎಣ್ಣಿ ಅಂಟಿರುತ್ತದಲ್ಲ, ಅದನ್ನು ಆರಿಸಿ, ಅಂಗೈಯಿಂದ ಬಳಿದು, ನನ್ನನ್ನು ಹತ್ತಿರ ಕರೆದು ತಲಿಗೆ ಒರೆಸುತ್ತಿದ್ದಳು. "ಒಂದ ಎಣ್ಣಿ, ಎರಡ ಕೆಲಸ. ಪಲ್ಯಾಕೂ ಆತು, ತಲಿಗೂ ಆತು. ಬ್ಯಾರೆ ಎಣ್ಣಿ ಯಾಕ?"

ನನ್ನ ಉದ್ದನ್ನ ಜಡಿ ಬಳ್ಳೊಳ್ಳಿ ವಾಸನಿ ಹೊಡೆಯಲಿಕ್ಕೆ ಹತ್ತಿತು. ಹೆರಳಿನಲ್ಲಿ ಸಾಸಿವಿ ಸಿಗುತ್ತಿದ್ದವು. ಗುಡಿಯಲ್ಲಿ ನನ್ನ ಹಿಂದೆ ನಿಂತ ಹೆಂಗಸರು, "ಇವತ್ತ ಪ್ರಸಾದಕ್ಕ ಏನ ಮಾಡ್ಯಾರ?" ಅಂತ ಒಬ್ಬರಿಗೊಬ್ಬರು ಕೇಳಿದರು.

ಒಂದು ಸಂಜಿ ನಮ್ಮ ಮನಿಯವರು ಕಟ್ಟಿ ಮ್ಯಾಲೆ ನನ್ನ ಬಾಜೂಕ ಬಂದು ಕೂತರು. ಕೂಡು ಮನಿಯಲ್ಲಿ ಅದೇ ದೊಡ್ಡ ಧೈರ್ಯ. ನನ್ನ ಕಡೆ ವಾಲಿ, "ಯಾಕೋ ನಿನ್ನ ಬಾಜೂಕ ಕುಂತ್ರ..." ಅಂದು ನಿಲ್ಲಿಸಿದರು. ನಾನು ಸೆರಗು ಸರಿ ಮಾಡಿಕೊಂಡೆ. "ಕುಂತ್ರ?" ಅಂದೆ.

"ಹಸಿವಿ ಆಗತೈತಿ. ಒಂದ ರೊಟ್ಟಿ ತಾ."

ಮರುದಿನ ಅತ್ತಿ ಸೌಟು ಹಿಡಿದು ಬಂದಾಗ ನಾನು ಸೆರಗು ತಲಿ ತುಂಬ ಹೊದ್ದು ಕೂತೆ. "ಅತ್ತೀ, ಎಣ್ಣಿ ಉಳಿತೈತ್ರಿ, ಖರೆ. ಆದ್ರ ನನ್ನ ತಲಿ ವಾಸನಿಗೆ ನಿಮ್ಮ ಮಗಗ ದಿನಾ ಎರಡ ರೊಟ್ಟಿ ಹೆಚ್ಚಿಗಿ ಹೋಗಾಕತ್ತಾವು. ಜ್ವಾಳದ ಖರ್ಚ ಯಾರ ನೋಡವ್ರು?"

ಅತ್ತಿ ಸೌಟು ಹಿಡಿದುಕೊಂಡೇ ಬೆರಳ ಮ್ಯಾಲೆ ರೊಟ್ಟಿ ಲೆಕ್ಕ ಹಾಕಿದಳು. ಆಮೇಲೆ ಹೋಗಿ ಅದನ್ನು ಎಮ್ಮಿ ಕೋಡಿಗೆ ಒರೆಸಿದಳು.

೨. ಶುಕ್ರವಾರದ ಒಲಿ

ಇನ್ನು ನನ್ನ ಗುರು, ದೊಡ್ಡತ್ತಿ. ಅಕಿ ಮನಿಯಲ್ಲಿ ಕಡ್ಡಿ ಕೊರೆದದ್ದನ್ನು ನಾನು ನೋಡಿಲ್ಲ. ಮುಂಜಾನೆ ಎದ್ದು ಒಂದು ಕುಳ್ಳಿನ ಚೂರು ಹಿಡಿದು ನಮ್ಮ ಒಲಿಗೆ ಬರುವಳು. ಎರಡು ಕೆಂಡ ಅದರ ಮ್ಯಾಲೆ ಇಟ್ಟುಕೊಂಡು ಊದಿಕೊಂತ ಹೋಗುವಳು. ನಮ್ಮತ್ತಿ ಕಣ್ಣರಳಿಸಿ ನನಗೆ ಹೇಳುವಳು, "ನೋಡು. ನೋಡಿ ಕಲಿ." ನಾನು ನೋಡಿದೆ. ಒಲಿ ನಮ್ಮದು, ಕಟಗಿ ನಮ್ಮದು, ಕಡ್ಡಿ ನಮ್ಮದು. ಶಾಣ್ಯಾತನ ಅಕಿದು.

ಶುಕ್ರವಾರ ಮಾತ್ರ ಯಾರೂ ಮನಿಯ ಬೆಂಕಿ ಹೊರಗೆ ಕೊಡುವುದಿಲ್ಲ, ಲಕ್ಷ್ಮಿ ಹೋಗುತ್ತಾಳೆ ಅಂತ. ವಾರಕ್ಕೊಮ್ಮೆಯಾದರೂ ಅಕಿ ಕಡ್ಡಿ ಕೊರೆಯಲೇಬೇಕು ಅಂತ ನಾನು ಖುಷಿಯಲ್ಲಿದ್ದೆ. ಶುಕ್ರವಾರ ಮುಂಜಾನೆ ದೊಡ್ಡತ್ತಿ ಬಂದಳು. ಬಗಲಲ್ಲಿ ಹಿಟ್ಟಿನ ಬುಟ್ಟಿ, ತಲಿ ಮ್ಯಾಲೆ ಹಂಚು.

"ದೊಡ್ಡತ್ತೀ, ಇವತ್ತ ಬೆಂಕಿ ಕೊಡೂಹಂಗಿಲ್ರಿ" ಅಂದೆ.

"ಯಾರ ಕೇಳ್ಯಾರ ಬೆಂಕಿ? ಬೆಂಕಿ ಹೊಸ್ತಿಲಾ ದಾಟಬಾರದು, ರೊಟ್ಟಿ ದಾಟಿದ್ರ ಏನಾಗತೈತಿ?" ಅಂತ ನನ್ನನ್ನು ಸರಿಸಿ ಒಲಿ ಮುಂದೆ ಕೂತು ತನ್ನ ಮನಿ ಮಂದಿಗೆಲ್ಲ ರೊಟ್ಟಿ ಬಡಿದುಕೊಂಡು ಹೋದಳು. ಹೋಗುವಾಗ ಪಲ್ಯಾ ಕೂಡ ಕಾಸಿಕೊಂಡಳು.

ನಾನು ಬಿಡುವಾಕಿ ಅಲ್ಲ. ಮುಂದಿನ ಶುಕ್ರವಾರ ಕೋಳಿ ಕೂಗುವ ಮೊದಲೇ ಎದ್ದು, ನಮ್ಮ ರೊಟ್ಟಿ ಮುಗಿಸಿ, ಒಲಿಗೆ ಒಂದು ತಂಬಗಿ ನೀರು ಸುರಿದು, ಕೈ ಕಟ್ಟಿಕೊಂಡು ಕೂತೆ. ದೊಡ್ಡತ್ತಿ ಹಂಚು ಹೊತ್ತು ಬಂದಳು.

"ಒಲಿ ಆರೇತ್ರಿ" ಅಂದೆ.

ಅಕಿ ಬಗ್ಗಿ ನೋಡಿದಳು. ಹಂಚು ಇಳಿಸಿದಳು. ಗ್ವಾಡಿಗೆ ಆತು ಚಕ್ಕಳಮಕ್ಕಳ ಹಾಕಿ ಕೂತಳು. "ಒಲಿ ಆರೇತಿ ಅಂದ್ರ ನಿಮ್ಮ ರೊಟ್ಟಿ ಆಗಿರಬೇಕು. ತಾ ಯವ್ವಾ, ಬಿಸಿ ಇದ್ದಾಗ ಊಟಾ ಮಾಡೂನು. ನಿಮ್ಮ ದೊಡ್ಡ ಮಾವನ್ನೂ ಕರಿ."

೩. ಬೀಗರ ಅಡಕಿ

ನಮ್ಮ ನಾದಿನಿಗೆ ಹಿರೇಕೆರೂರಿನಿಂದ ವರ ಬಂತು. ಮಾತುಕತಿ ಮೂಲಿಮನಿಯಲ್ಲಿ ಆಗಲಿ ಅಂದರು, ಅವರ ಪಡಸಾಲಿ ದೊಡ್ಡದು ಅಂತ. ನಮ್ಮತ್ತಿಗೆ ಎದಿ ಒಳಗೆ ಪುಕುಪುಕು. ಒಬ್ಬಳೇ ಮಗಳು, ಬೀಗರು ನೆಲ ಹೊಲ ಇದ್ದವರು, ಒಪ್ಪಿದರೆ ಪುಣ್ಯ.

ದೊಡ್ಡತ್ತಿ ಮನಿಯಲ್ಲಿ ಬಂದವರಿಗೆ ಎಲಿ ಅಡಕಿ ಕೊಡುವ ಒಂದು ಪದ್ಧತಿ ಇತ್ತು. ಹಿತ್ತಾಳಿ ತಾಟಿನಲ್ಲಿ ಎಲಿ, ಸುಣ್ಣ, ಒಂದು ಇಡೀ ಅಡಕಿ. ಅಡಕೊತ್ತು ಮಾತ್ರ ಇಡುತ್ತಿರಲಿಲ್ಲ. ಬಂದವರು ಆ ಕಡೆ ಈ ಕಡೆ ನೋಡಿದರೆ, "ಅಡಕೊತ್ತ ಬಾಜೂ ಮನಿಯಾಕಿ ಒಯ್ದಾಳ್ರಿ, ಇನ್ನೂ ತಂದಿಲ್ಲ" ಅನ್ನುವಳು. ಬಾಜೂ ಮನಿಯಾಕಿ ಅಂದರೆ ನಾನು. ಬಂದವರು ಬರೀ ಎಲಿ ಜಗಿದು ಎದ್ದು ಹೋಗುವರು. ಅಡಕಿ ತಾಟಿನಲ್ಲೇ. ಅಕಿ ಸೊಸಿಯಾಗಿ ಬಂದಾಗಿನಿಂದ ಅದೇ ಅಡಕಿ ಅಂತ ಓಣಿಯಲ್ಲಿ ಮಾತಿತ್ತು. ತಾಟು ತಿಕ್ಕುವಾಗ ಅದನ್ನೂ ತಿಕ್ಕುತ್ತಿದ್ದಳು, ಅದಕ್ಕೇ ಅಷ್ಟು ಥಳಥಳ.

ಹಿರೇಕೆರೂರಿನ ಬೀಗರು ಬಂದರು, ದೊಡ್ಡ ಪಟಗಾ, ದೊಡ್ಡ ಹೊಟ್ಟಿ. ಮಾತು ಮುಗಿದವು, ಒಪ್ಪಿಗಿ ಇನ್ನೂ ಹೇಳಿರಲಿಲ್ಲ. ತಾಟು ಬಂತು.

"ಅಡಕೊತ್ತ ಬಾಜೂ ಮನಿಯಾಕಿ ಒಯ್ದಾಳ್ರಿ..." ಅಂತ ದೊಡ್ಡತ್ತಿ ಸುರು ಮಾಡಿದಳು.

"ಇರಲಿ ಬಿಡ್ರಿ" ಅಂತ ಬೀಗರು ಸೊಂಟದ ಸಂಚಿಗೆ ಕೈ ಹಾಕಿ ತಮ್ಮದೇ ಅಡಕೊತ್ತು ತೆಗೆದರು. ದೊಡ್ಡತ್ತಿ ಮುಖ ಬಿಳಚಿತು. ಬೀಗರು ಅಡಕಿಯನ್ನು ಅಡಕೊತ್ತಿನ ಬಾಯಿಗಿಟ್ಟು ಒತ್ತಿದರು. ಟಕ್ ಅಂದಿತು. ಒಳಗೆ ಅಡಕಿ ಇರಲಿಲ್ಲ. ಬರೀ ಹಿಟ್ಟು. ಆ ಹಿಟ್ಟಿನೊಳಗಿಂದ ಒಂದು ದಪ್ಪನ್ನ ಹುಳ ಹೊರಗೆ ಬಂದು ಬೀಗರ ಮುಖ ನೋಡಿತು.

ನಮ್ಮತ್ತಿ ಕಂಬ ಹಿಡಿದುಕೊಂಡಳು, ಮಗಳ ಮದುವಿ ಮುರಿಯಿತು ಅಂತ.

ಬೀಗರು ಹುಳವನ್ನು ಅಂಗೈ ಮ್ಯಾಲೆ ಇಟ್ಟುಕೊಂಡು ನಿಧಾನ ಹೇಳಿದರು: "ಬೀಗತಿಯವರ, ನಿಮ್ಮನಿ ಅಡಕಿ ತಿಂದಂವಾ ಅಂತ ಯಾರರ ಇದ್ರ ಇಂವಾ ಒಬ್ಬನ ನೋಡ್ರಿ." ಆಮೇಲೆ ಹೊಟ್ಟಿ ಕುಣಿಸಿ ನಕ್ಕು, ಹೆಣ್ಣು ಒಪ್ಪಿಗಿ ಅಂದರು. ಇಂಥ ಮನಿ ಹುಡುಗಿ ತಮ್ಮ ಮನಿ ಹಾಳು ಮಾಡುವ ಭಯ ಇಲ್ಲವಂತೆ.

ನಮ್ಮತ್ತಿ ಅಂದು ಸಂಜಿ ನನಗೆ ಹೇಳಿದಳು, "ನೋಡಿದೇನ, ಉಳಿಸಿದ್ದಕ್ಕ ಮದವಿ ಆತು."

೪. ಗ್ವಾಡಿಯೊಳಗಿನ ಕಿಂಡಿ

ಯುದ್ಧ ಬಂತು. ಎಲ್ಲೋ ದೂರ ದೇಶದವರು ಬಡಿದಾಡಿದರೆ ಹಾನಗಲ್ಲಿನಲ್ಲಿ ಚಿಮಣಿ ಎಣ್ಣಿ ಯಾಕೆ ಸಿಗಬಾರದು ಅಂತ ನನಗೆ ಇವತ್ತಿಗೂ ತಿಳಿದಿಲ್ಲ. ಸಕ್ರಿಗೂ ಪಾಳಿ, ಅರಿವಿಗೂ ಪಾಳಿ. ಮೋಟಾರು ಕೂಡ ಇದ್ದಿಲ ಹೊಗಿಯ ಮ್ಯಾಲೆ ಓಡುತ್ತಿತ್ತು. ಏರು ಬಂದರೆ ಒಳಗಿನವರು ಇಳಿದು ನೂಕಬೇಕು.

ಒಂದು ದಿನ ನಮ್ಮ ಅಡಿಗಿಮನಿ ಗ್ವಾಡಿಯ ದೀಪದ ಗೂಡಿನಿಂದ ಮಣ್ಣು ಉದುರಲಿಕ್ಕೆ ಹತ್ತಿತು. ನೋಡಿದರೆ ಆ ಕಡೆಯಿಂದ ಒಂದು ಕಬ್ಬಿಣದ ಹಾರಿ ಮೂತಿ ಚಾಚಿತು. ಹಿಂದೆಯೇ ದೊಡ್ಡತ್ತಿ ಕಣ್ಣು.

"ಹೆದರಬ್ಯಾಡ ಯವ್ವಾ, ನಾನ. ಇಲ್ಲೊಂದ ಕಿಂಡಿ ಇದ್ರ ಒಂದ ದೀಪ ಎರಡೂ ಮನಿಗೆ ಆಗತೈತಿ."

ನಮ್ಮತ್ತಿ, "ಎಂಥಾ ತಲಿ ನಮ್ಮಕ್ಕಂದು" ಅಂದಳು. ಅಂದಿನಿಂದ ನಮ್ಮ ಚಿಮಣಿ ಆ ಕಿಂಡಿಯಲ್ಲಿ. ಅರ್ಧ ಬೆಳಕು ನನ್ನ ಒಲಿಗೆ, ಅರ್ಧ ಅಕಿ ಒಲಿಗೆ. ಎಣ್ಣಿ ಪೂರಾ ನಮ್ಮದು.

ತಡೆದೆ, ತಡೆದೆ, ಒಂದು ಸಂಜಿ ಚಿಮಣಿ ಎತ್ತಿ ಬ್ಯಾರೆ ಗೂಡಿನಲ್ಲಿಟ್ಟೆ. ಆ ಕಡೆ ಬೋಗೋಣಿ ಉರುಳಿದ ಸಪ್ಪಳ. ಕಿಂಡಿಯಲ್ಲಿ ದನಿ: "ಏ ಹುಡಿಗಿ, ದೀಪ ಸರಸು ಈ ಕಡೆ. ಅಕ್ಕಿಯಾಗಿನ ಕಲ್ಲ ಆರಸಾಕತ್ತೇನಿ."

"ಬೆಳಕ ಈ ಕಡಿಂದ ಬರತೈತ್ರಿ ದೊಡ್ಡತ್ತೀ, ಎಣ್ಣಿ ಆ ಕಡಿಂದ ಬರಲಿ."

ನಾನು ಗೆದ್ದೆ ಅಂತ ರೊಟ್ಟಿ ಜೋರಾಗಿ ಬಡಿದೆ. ಆಗ ದನಿ ಮತ್ತೆ ಬಂತು, ಮೆತ್ತಗೆ.

"ಹಂಗಾದ್ರ ಕಿಂಡಿ ಮುಚ್ಚೂದ ಆತು. ದಿನಾ ಸಂಜಿ ನಮ್ಮನಿ ಮಾತ ಪುಕ್ಕಟ ಕೇಳ್ತೀಯಲ್ಲ, ಅದಕ್ಕ ನಾ ಎಂದರ ಏನರ ಕೇಳೇನೇನು?"

ನಾನು ಎದ್ದು ಹೋಗಿ ಚಿಮಣಿ ಕಿಂಡಿಯಲ್ಲಿ ಇಟ್ಟೆ. ಆ ಎಣ್ಣಿಗೆ ಅಷ್ಟು ಸುದ್ದಿ ಅಗ್ಗವೇ.

೫. ಎಮ್ಮಿ ಹಾಕಿದ ಚಾ

ಕಿಂಡಿಯಿಂದ ಕೇಳಿದ್ದರಲ್ಲಿ ಒಂದು ಹೇಳಿ ಮುಂದೆ ಹೋಗುತ್ತೇನೆ. ದೊಡ್ಡತ್ತಿಯ ಗಂಡ, ನಮ್ಮ ದೊಡ್ಡಮಾವ, ಊರ ಪಂಚರು. ಅವರು ಕೆಮ್ಮಿದರೆ ಕಟ್ಟಿ ಮ್ಯಾಲಿನ ಮಂದಿ ಎದ್ದು ನಿಲ್ಲುತ್ತಿದ್ದರು. ಮನಿಯಲ್ಲಿ ಅವರಿಗೆ ಒಂದೇ ಚಟ, ಚಾ. ದೊಡ್ಡತ್ತಿ ಒಮ್ಮೆ ಕುದಿಸಿದ ಚಾ ಪುಡಿಯನ್ನು ಮೊರದಲ್ಲಿ ಹರಡಿ ಬಿಸಿಲಿಗೆ ಒಣಗಿಸಿ ಮತ್ತೆ ಕುದಿಸುವಳು, ಬಣ್ಣ ಬಿಡುವುದು ನಿಲ್ಲುವ ತನಕ.

ಒಂದು ದಿನ ಅವರ ಎಮ್ಮಿ ಕಣ್ಣಿ ಹರಿದುಕೊಂಡು ಬಂದು ಮೊರ ಪೂರಾ ನೆಕ್ಕಿತು. ಸಂಜಿ ನಾನು ಕಿಂಡಿಗೆ ಕಿವಿ ಹಚ್ಚಿದೆ.

ದೊಡ್ಡಮಾವ ಮೆಲ್ಲಗೆ, "ಇದು ಬರೀ ಹಾಲಲ್ಲ? ಚಾ ಪುಡಿ ಹಾಕಲಿಲ್ಲೇನ?" ಅಂದರು.

"ಸುಮ್ನ ಕುಡೀರಿ. ಈ ಸಲ ಎಮ್ಮೀನ ಹಾಕ್ಕೊಂಡ ಬಂದೈತಿ."

ಊರ ಪಂಚರು ಸೊರಸೊರ ಕುಡಿದರು.

೬. ಉಡಿ

ಇಷ್ಟು ವರ್ಷ ನೋಡಿ ನೋಡಿ ನಾನು ಕಲಿತೆನೋ ಬಿಟ್ಟೆನೋ, ಕೀಲಿಕೈ ಮಾತ್ರ ಅತ್ತಿಯ ಸೊಂಟ ಬಿಟ್ಟಿರಲಿಲ್ಲ. ಕೇಳಿದಾಗೊಮ್ಮೆ, "ಇನ್ನೂ ಕಲಿಬೇಕು ನೀ" ಅನ್ನುವಳು. ಅದು ಹೇಗೆ ನನ್ನ ಕೈಗೆ ಬಂತು ಅಂತ ಓಣಿಯಲ್ಲಿ ನಾಲ್ಕು ತರಹ ಹೇಳುತ್ತಾರೆ. ಖರೇದು ಇದು.

ಉಡಿ ತುಂಬುವ ರೀತಿ ನಿಮಗೆ ಗೊತ್ತು. ಮನಿಗೆ ಬಂದ ಮುತ್ತೈದಿ ಹೊರಟಾಗ ಉಡಿಯಲ್ಲಿ ಅಕ್ಕಿ, ಕುಬಸದ ಖಣ, ಕೊಬ್ಬರಿ ಬಟ್ಟಲು ಹಾಕಬೇಕು. ತುಂಬಿಸಿಕೊಂಡಾಕಿ ಅದನ್ನು ತಿನ್ನಲಿ, ಹೊಲಿಸಲಿ, ಇನ್ನೊಬ್ಬಳ ಉಡಿಗೆ ದಾಟಿಸಲಿ, ಅಕಿ ಖುಷಿ. ತುಂಬಿದಾಕಿ ಮಾತ್ರ ತಿರುಗಿ ಕೇಳುವಂತಿಲ್ಲ. ಕೇಳಿದರೆ ಆ ಹೆಣ್ಣಿನ ಉಡಿ ಬರಿದು ಮಾಡ್ದಂಗ, ತನ್ನ ಮನಿಯ ವಂಶಕ್ಕೆ ತಾನೇ ಕೊಡಲಿ ಹಾಕಿದಂಗ. ಯುದ್ಧದ ಕಾಲದಲ್ಲಿ ಖಣ ಯಾರೂ ಹೊಲಿಸಲಿಲ್ಲ, ಕೊಬ್ಬರಿ ಯಾರೂ ಮುರಿಯಲಿಲ್ಲ. ಎಲ್ಲರೂ ಬರೀ ದಾಟಿಸಿದರು.

ಹಿರೇಕೆರೂರಿಗೆ ಕೊಟ್ಟ ನಾದಿನಿಗೆ ಎರಡನೇ ಕೂಸು. ಅಲ್ಲಿ ಬಾಣಂತನ ಮಾಡಲಿಕ್ಕೆ ಬೀಗತಿ ಇರಲಿಲ್ಲ, ತೀರಿಕೊಂಡಿದ್ದಳು. ನಮ್ಮತ್ತಿಯೇ ಹೋಗಬೇಕಾಯಿತು. ಹೊರಡುವ ಮೊದಲು ನನಗೆ ಒಂದಿಷ್ಟು ಅಕ್ಕಿ ಬ್ಯಾಳಿ ಅಳೆದು ಕೊಟ್ಟು ಕೋಣಿಗೆ ಕೀಲಿ ಹಾಕಿದಳು.

"ಕೀಲಿಕೈ ಎಲ್ಲೈತಿ ಅಂತ ಕೇಳಬ್ಯಾಡ" ಅಂದಳು. "ಮನಿ ಕೀಲಿಕೈ ಊರ ಸೀಮಿ ದಾಟಿದ್ರ ಲಕ್ಷ್ಮಿ ಅದರ ಹಿಂದ ಹೋಗ್ತಾಳ. ಅದಕ್ಕ ನಾ ಒಯ್ಯೂದಿಲ್ಲ. ಊರಾಗ ಐತಿ. ಅಷ್ಟ ತಿಳಕೋ."

ಅಕಿ ಏನು ಮಾಡಿದ್ದಳು ಅಂತ ನನಗೆ ಆಮೇಲೆ ಗೊತ್ತಾಯಿತು. ಒಂದು ಕೊಬ್ಬರಿ ಬಟ್ಟಲಲ್ಲಿ ಕೀಲಿಕೈ ಇಟ್ಟು, ಸಪ್ಪಳ ಆಗದಂತೆ ಅಕ್ಕಿ ತುಂಬಿ, ಮ್ಯಾಲೆ ಇನ್ನೊಂದು ಬಟ್ಟಲು ಮುಚ್ಚಿ, ಖಣದಲ್ಲಿ ಸುತ್ತಿ, ಅರಿಶಿಣದ ದಾರದಿಂದ ಬಿಗಿದು ಕಟ್ಟಿದ್ದಳು. ಅದನ್ನು ಒಯ್ದು ದೊಡ್ಡತ್ತಿಯ ದೇವರ ಜಗಲಿ ಮ್ಯಾಲೆ ಇಟ್ಟು, "ಅಕ್ಕಾ, ಇದು ದೇವಿಗೆ ಹರಕಿ ಉಡಿ. ಬಂದ ಮ್ಯಾಲ ನಾನ ಒಪ್ಪಸ್ತೇನಿ. ಬಿಚ್ಚಬ್ಯಾಡ" ಅಂದಿದ್ದಳು. ಒಳಗೆ ಕೀಲಿಕೈ ಇದೆ ಅಂತ ಹೇಳಲಿಲ್ಲ. ಹೇಳಿದರೆ ಕೋಣಿಯಲ್ಲಿ ಬರೀ ಇಲಿ ಉಳಿದಾವು ಅಂತ ಅಕಿಗೂ ಗೊತ್ತಿತ್ತು. ಸೊಸಿಯನ್ನು ಮಂದಿ ಮುಂದೆ ನಂಬಲಿಲ್ಲ, ಅಕ್ಕನನ್ನು ಗುಟ್ಟಾಗಿ ನಂಬಲಿಲ್ಲ.

ಹಿರೇಕೆರೂರಿನಲ್ಲಿ ಅಕಿ ಇರುವುದು ಲಂಬಿಸಿತು. ಅಳೆದುಕೊಟ್ಟದ್ದು ತೀರಿತು. ದೊಡ್ಡತ್ತಿ ಕಿಂಡಿಯಿಂದ, "ಏನರ ಬೇಕೇನ ಯವ್ವಾ?" ಅಂತ ಕೇಳುವಳು. ನಾನು ಬೇಡಿಕೊಂಡು ಬರಲಿ ಅಂತ ಅಕಿ ಆಶಾ. ನಾನು ಸತ್ತರೂ ಕೇಳಲಿಲ್ಲ. ಹೊಲದಿಂದ ಬಂದ ಹೆಸರುಕಾಳು ಕೋಣಿಗೆ ಹೋಗುವಂತಿರಲಿಲ್ಲ. ಪಡಸಾಲಿಯಲ್ಲೇ ಸುರುವಿಕೊಂಡು ಅದನ್ನೇ ಕೊಟ್ಟು ಅಂಗಡಿಯಿಂದ ಉಪ್ಪು, ಮೆಣಸಿನಕಾಯಿ, ಎಣ್ಣಿ ತಂದೆ. ಮಜ್ಜಿಗಿ ಕೊಟ್ಟು ಕಾಯಿಪಲ್ಯ ಇಸಕೊಂಡೆ. ಮನಿ ನಡೆಯಿತು, ಎಣಗಾಯಿ ಕೂಡ ಎಣ್ಣಿಯಲ್ಲಿ ಈಸಿದವು.

ಪಂಚಮಿ ಮುಂದೆ ಅತ್ತಿ ಬಂದಳು, ಮೋಟಾರಿನ ಇದ್ದಿಲ ಮಸಿ ಮುಖದ ತುಂಬ. ಮಗಳ ತೊಟ್ಟಿಲ ಕಾರ್ಯಕ್ಕೆ ಬಂದ ಉಡಿ ಸಾಮಾನನ್ನೆಲ್ಲ ಗಂಟು ಕಟ್ಟಿಕೊಂಡು ಬಂದಿದ್ದಳು. "ಅವ್ವಾ, ನೀನ ಒಯ್ಯಿ" ಅಂದಳಂತೆ ಮಗಳು. ಮನಿಯೆಲ್ಲ ತಿರುಗಾಡಿ ನೋಡಿ ನನ್ನನ್ನು ಕೇಳಿದಳು, "ಕೋಣಿ ತೆಗಿಲಾರದ ಮನಿ ಹೆಂಗ ನಡೀತು?"

"ನನ್ನ ಕೈ ಸಡ್ಲ ಅಲ್ರಿ. ನಡದೈತಿ" ಅಂದೆ.

ಅಕಿಗೆ ಅದು ಹಿಡಿಸಲಿಲ್ಲ.

ಮರುದಿನ ಮುಂಜಾನೆ ನನ್ನನ್ನು ಪಂಚಮಿಗೆ ಕರೆದೊಯ್ಯಲಿಕ್ಕೆ ತಿಳವಳ್ಳಿಯಿಂದ ನಮ್ಮಣ್ಣ ಚಕ್ಕಡಿ ಕಟ್ಟಿಕೊಂಡು ಬಂದ. ತವರಿಗೆ ಹೊರಟ ಸೊಸಿಗೆ ಉಡಿ ತುಂಬಬೇಕು. ಅತ್ತಿ ಆ ಗಂಟು ಬಿಚ್ಚಿ, ಒಂದೊಂದೇ ಕೈಯಲ್ಲಿ ತೂಗಿ ನೋಡಿ, ಎಲ್ಲಕ್ಕಿಂತ ಭಾರದ್ದು ಆರಿಸಿದಳು. ತವರಿನವರು ನೋಡಲಿ ಅಂತ ನಮ್ಮಣ್ಣನಿಗೆ ಕೇಳುವಂತೆ ಹೇಳಿದಳು, "ಎಷ್ಟ ಭಾರ ಕೊಬ್ಬರಿ ನೋಡು. ನಮ್ಮ ಹಿರೇಕೆರೂರ ಬೀಗರ ತಂಗಿ ಅದಾಳಲ್ಲ, ಸವಣೂರಾಕಿ, ನಿನ್ನ ನಾದಿನಿ ಉಡಿಗೆ ಹಾಕಿದ್ದು. ನಾ ಕೈ ಬಿಗಿ ಅಂತ ನಿಮ್ಮೂರಾಗ ಹೇಳಬ್ಯಾಡ ಮತ್ತ." ಬಿಚ್ಚದೆ ಹಾಗೇ ನನ್ನ ಉಡಿಯಲ್ಲಿ ಇಟ್ಟಳು. ನಾನು ಸೆರಗು ಸಿಕ್ಕಿಸಿಕೊಂಡು ಕಾಲಿಗೆ ಬಿದ್ದೆ.

ಇಷ್ಟಾದ ಮ್ಯಾಲೆ ಅತ್ತಿ ತನ್ನ ಹರಕಿ ಗಂಟು ತರಲಿಕ್ಕೆ ಮೂಲಿಮನಿಗೆ ಹೋದಳು. ಆಮೇಲೆ ಅಕ್ಕತಂಗಿ ಇಬ್ಬರೂ ಓಣಿಗೇ ಬಂದರು. ಅತ್ತಿಯ ಒಂದು ಕೈಯಲ್ಲಿ ಒಂದು ಬಟ್ಟಲು, ಇನ್ನೊಂದು ಕೈಯಲ್ಲಿ ಇನ್ನೊಂದು.

"ಇದರಾಗಿಂದು ಎಲ್ಲೆ?"

"ಏನ ಎಲ್ಲೆ? ಎರಡ ಬಟ್ಟಲ ಇಟ್ಟ ಹೋಗಿದ್ದಿ, ಎರಡ ಅದಾವ. ಖಣ ಇಟ್ಟಿದ್ದಿ, ಖಣ ಐತಿ. ಏನ ಕಮ್ಮಿ ಆಗೇತಿ?"

"ಕೀಲಿಕೈ."

"ಕೊಬ್ಬರಿಯೊಳಗ ಕೀಲಿಕೈ ಬೆಳಿತಾವೇನ ತಂಗೀ?"

ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ನಮ್ಮಣ್ಣ ಎತ್ತು ಬಿಚ್ಚಿ ಹುಲ್ಲು ಹಾಕಿದ, ಇದು ಬೇಗ ಮುಗಿಯುವುದಲ್ಲ ಅಂತ.

ದೊಡ್ಡತ್ತಿಗೆ ಆಗ ಹೊಳೆಯಿತು. "ಅಂದ್ರ ದೇವಿ ಹೆಸರ ಹೇಳಿ ನನ್ನ ಕಡೆ ಕೀಲಿಕೈ ಮುಚ್ಚಿ ಇಟ್ಟಿದ್ದಿ. ಒಡಹುಟ್ಟಿದ ಅಕ್ಕನ್ನ ನಂಬಲಿಲ್ಲ."

"ನಂಬಿದ್ರ ಏನ ಮಾಡ್ತಿದ್ದಿ? ಇದು ನನ್ನ ಗಂಟ ಅಲ್ಲ. ನನ್ನ ಗಂಟಿನಾಗ ಅಕ್ಕಿ ತುಂಬಿದ್ದೆ. ದೇವಿ ಉಡಿ ಯಾರಿಗೆ ಕೊಟ್ಟಿ?"

ದೊಡ್ಡತ್ತಿ ಸೆರಗು ತಿರುವಿದಳು. "ಶಿಗ್ಗಾಂವದಿಂದ ನಮ್ಮ ನಾದಿನಿ ಬಂದಿದ್ಳು. ಉಡಿ ತುಂಬಬೇಕಿತ್ತು. ಹೊಸಾದ ತರೂದು ಯಾಕ, ಆಮ್ಯಾಲ ಇನ್ನೊಂದ ಬಂದಾಗ ಇಟ್ರಾತು ಅಂತ ಕೊಟ್ಟೆ. ಇನ್ನೊಂದ ಬಂತು, ಇಟ್ಟೆ. ದೇವಿಗೇನ ಗೊತ್ತಾಗತೈತಿ?"

"ಹಂಗಾದ್ರ ಶಿಗ್ಗಾಂವಕ್ಕ ಮಂದಿ ಕಳಸು."

"ಶಿಗ್ಗಾಂವದಾಗ ಎಲ್ಲೈತಿ? ಮೊನ್ನೆ ನಾದಿನಿ ಬಂದಾಗ ಹೇಳಿದ್ಳು, ಅದನ್ನ ಸವಣೂರಿಗೆ ಒಯ್ದಿದ್ಳಂತ. ಎಲಿ ಅಗ್ಗ ಸಿಗತಾವಂತ ಹೋದಾಕಿ, ಅಲ್ಲೆ ಪರಿಚಯದಾಕಿ ಮನಿಯಾಗ ಇಳದು, ಅಕಿ ಉಡಿಗೆ ಹಾಕಿದ್ಳಂತ. 'ಭಾರೀ ತೂಕದ ಕೊಬ್ಬರಿ, ಸವಣೂರಾಕಿ ಭಾಳ ಖುಷಿ ಆದ್ಳು' ಅಂದ್ಳು. ನಿಮ್ಮ ಹಿರೇಕೆರೂರ ಬೀಗರ ತಂಗೀನ ಅಂತ ಅಕಿ."

ನಮ್ಮತ್ತಿ ಕೈಯೊಳಗಿನ ಬಟ್ಟಲು ಕೆಳಗಿಟ್ಟಳು. "ಸವಣೂರಾಕಿ" ಅಂದಳು. "ತೂಕದ ಕೊಬ್ಬರಿ" ಅಂದಳು. ಆಮೇಲೆ ಕುತ್ತಿಗಿ ನಿಧಾನ ತಿರುಗಿಸಿ ನನ್ನ ಉಡಿ ನೋಡಿದಳು.

ಓಣಿಯೇ ನನ್ನ ಉಡಿ ನೋಡಿತು.

ನಾನು ಅವಸರ ಮಾಡಲಿಲ್ಲ. ಕಟ್ಟಿ ಮ್ಯಾಲೆ ಕೂತು, ಸೆರಗು ಬಿಚ್ಚಿ, ಅರಿಶಿಣದ ದಾರ ಹಲ್ಲಿನಿಂದ ಹರಿದೆ. ಖಣ ಬಿಚ್ಚಿದೆ. ಮ್ಯಾಲಿನ ಬಟ್ಟಲು ಎತ್ತಿದೆ. ಅಕ್ಕಿಯೊಳಗೆ ಕೀಲಿಕೈ ಮಲಗಿತ್ತು, ಕೊಬ್ಬರಿ ಎಣ್ಣಿ ಹೀರಿ ಮಿಂಚುತ್ತಿತ್ತು. ಊರ ಸೀಮಿ ದಾಟಬಾರದ ಕೀಲಿಕೈ ಶಿಗ್ಗಾಂವ ನೋಡಿ, ನವಾಬರ ಸವಣೂರು ನೋಡಿ, ಹಿರೇಕೆರೂರಿನಲ್ಲಿ ತೊಟ್ಟಿಲ ಊಟಕ್ಕೂ ಹಾಜರಾಗಿ, ನಮ್ಮತ್ತಿಯ ಗಂಟಿನಲ್ಲೇ ಮೋಟಾರು ಹತ್ತಿ ಮನಿಗೆ ಬಂದಿತ್ತು. ನಾಲ್ಕೂ ತಾಲೂಕಿನಲ್ಲಿ ಒಬ್ಬಳಾದರೂ ಕೊಬ್ಬರಿ ತಿನ್ನುವಾಕಿ ಇದ್ದಿದ್ದರೆ ಅದು ಎಲ್ಲಿ ಹೋಗುತ್ತಿತ್ತೋ.

ಅತ್ತಿ ಕೈ ಚಾಚಿದಳು. "ಕೊಡಿಲ್ಲೆ."

"ಕೊಡ್ತೇನ್ರಿ" ಅಂದೆ. "ಬೇಕಾದ್ರ ಈಗ ಕೊಡ್ತೇನಿ. ನೀವ ನಿಮ್ಮ ಕೈಯಾರ ನನ್ನ ಉಡಿಯಾಗ ಹಾಕಿದ್ದು. ನಮ್ಮಣ್ಣ ನೋಡ್ಯಾನ. ತಿರುಗಿ ಇಸಕೋತೇನಿ ಅಂತ ಓಣಿ ಮಂದಿ ಮುಂದ ಒಂದ ಮಾತ ಅನ್ರಿ. ನಾ ಈಗ ಬರೀ ಉಡಿಲೆ ತವರಿಗೆ ಹೋಗ್ತೇನಿ."

ಅತ್ತಿ ನಮ್ಮಣ್ಣನನ್ನು ನೋಡಿದಳು. ಬಾಗಿಲಲ್ಲಿ ನಿಂತ ಮಂದಿಯನ್ನು ನೋಡಿದಳು. ಕೊನಿಗೆ ಮಗನನ್ನು ನೋಡಿದಳು. ನಮ್ಮ ಮನಿಯವರು ಗ್ವಾಡಿ ಕಡೆ ಮುಖ ಮಾಡಿ, "ಇವತ್ತ ಅನ್ನಕ್ಕ ತುಪ್ಪಾ ಸಿಗತೈತೇನು?" ಅಂದರು.

ಅತ್ತಿ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡು ತನ್ನ ಸೊಂಟ ಮುಟ್ಟಿ ನೋಡಿಕೊಂಡಳು. ಅಲ್ಲಿ ಏನೂ ಇರಲಿಲ್ಲ. "ಇಟಗೋ" ಅಂದಳು. ಅಷ್ಟೇ.

ನಾನು ಕೀಲಿಕೈ ಸೊಂಟಕ್ಕೆ ಸಿಕ್ಕಿಸಿದೆ. ಆಗ ದೊಡ್ಡತ್ತಿ ನನ್ನ ಹತ್ತಿರ ಬಂದು, ಬೆನ್ನು ಸವರಿ, ಕಿವಿಯಲ್ಲಿ ಹೇಳಿದಳು: "ಚಲೋ ಆತು ಯವ್ವಾ. ಕೀಲಿಕೈ ನಿನಗ ಇರಲಿ. ಆ ಖಣಾ ಕೊಬ್ಬರಿ ಮಾತ್ರ ನನಗ ಕೊಡು. ನಾಳೆ ಅಕ್ಕಿಆಲೂರಿಂದ ನಮ್ಮ ನೆಗೆಣ್ಣಿ ಬರಾಕಿ ಅದಾಳ."

ನಾನು ಅಕಿ ಮುಖ ನೋಡುತ್ತಲೇ ಕೊಬ್ಬರಿ ಬಟ್ಟಲು ಎತ್ತಿ ಕಟಂ ಅಂತ ಕಡಿದೆ. ಕಮಟು ಅಂದರೆ ಕಮಟು, ಮ್ಯಾಲೆ ತುಕ್ಕಿನ ರುಚಿ ಬ್ಯಾರೆ. ಆದರೂ ಓಣಿಯವರೆಲ್ಲ ನೋಡುವಂತೆ, ಅಕ್ಕತಂಗಿ ಇಬ್ಬರ ಮುಂದೆ ಕೂತು, ಎರಡೂ ಬಟ್ಟಲು ಪೂರಾ ತಿಂದೆ. ತಿಳವಳ್ಳಿ ಮುಟ್ಟುವ ತನಕ ಚಕ್ಕಡಿಯಲ್ಲಿ ಹೊಟ್ಟಿ ಹಿಡಿದುಕೊಂಡು ಕೂತಿದ್ದೆ, ಇನ್ನೊಂದು ಕೈಯಲ್ಲಿ ಕೀಲಿಕೈ.